ಓದಲು ಕಷ್ಟಪಡುವ ಮಕ್ಕಳಿಗೆ ಕಲಿಸೋಕೆ ಶಿಕ್ಷಕರಿಗೆ ತರಬೇತಿ: ಎರಡು ದಿನದಲ್ಲಿ ಏನು ಮಾಡಬಹುದು?

ಕ್ಲಸ್ಟರ್ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಹೋದ ವರ್ಷದಿಂದ ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿ ಆಗಿದ್ದೇನೆ. ತುಮಕೂರು ಕಡೆಯ ಕ್ಲಸ್ಟರ್, ಹನ್ನೊಂದು ಶಾಲೆ. ನಾಲ್ಕು ಮತ್ತು ಐದನೇ ಕ್ಲಾಸಿನಲ್ಲಿ ಇನ್ನೂ ಸರಿಯಾಗಿ ಓದಲು ಬಾರದ ಮಕ್ಕಳನ್ನು ಬೇರೆ ಕೂರಿಸಿಕೊಂಡು ಕಲಿಸಬೇಕು ಅಂತ ನಮ್ಮಲ್ಲಿ ಮಾತಾಗಿದೆ. ಅದಕ್ಕೆ 22 ಜನ ಶಿಕ್ಷಕರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಿಕ್ಕಿರುವುದು ಎರಡು ದಿನ.

ನಾನೇ ಎಷ್ಟೋ ತರಬೇತಿಗೆ ಹೋಗಿ ಬಂದವನು. ಬೆಳಿಗ್ಗೆ ಸ್ವಾಗತ, ಆಮೇಲೆ ಪಿಪಿಟಿ, ಊಟ ಆದ ಮೇಲೆ ಗುಂಪು ಚಟುವಟಿಕೆ, ಸ್ಕೆಚ್ ಪೆನ್ನಿನಲ್ಲಿ ಚಾರ್ಟ್ ಬರೆದು ಗೋಡೆಗೆ ಅಂಟಿಸುವುದು, ಸಂಜೆ ಹಾಜರಾತಿಗೆ ಸಹಿ. ಸೋಮವಾರ ಕ್ಲಾಸಿಗೆ ಹೋದರೆ ಎದುರಿಗೆ ಅದೇ ಮಗು, ಅದೇ ಪುಸ್ತಕ, ನನ್ನ ಕೈಯಲ್ಲಿ ಹೊಸದೇನೂ ಇರುತ್ತಿರಲಿಲ್ಲ. ನಮ್ಮ ಟೀಚರ್‌ಗಳಿಗೆ ಮತ್ತೆ ಅದನ್ನೇ ಮಾಡಲು ನನಗೆ ಮನಸ್ಸಿಲ್ಲ.

ಹೋದ ತಿಂಗಳು ಒಂದು ಶಾಲೆಯಲ್ಲಿ ಐದನೇ ಕ್ಲಾಸಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. "ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ" ಅನ್ನುವ ಸಾಲು. "ಸೂ... ಯ..." ಅಂದಳು. ಬೆರಳು ಯ ಮೇಲೆ ನಿಂತಿತು, ಪಕ್ಕದ ಅರ್ಕಾವತ್ತಿನ ಮೇಲೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. "ಸೂಯರ" ಅಂದು ನನ್ನ ಮುಖ ನೋಡಿದಳು. ನಾನು "ಸೂರ್ಯ" ಅಂತ ಹೇಳಿಕೊಟ್ಟೆ, ಅವಳೂ ಹೇಳಿದಳು. ಮುಂದಿನ ಪದಕ್ಕೆ ಬಂದರೆ "ಪೂವರ". ಸರಿಯಾದ್ದನ್ನು ಹೇಳಿಕೊಡುವುದು ಬಿಟ್ಟು ನನಗೆ ಏನೂ ತೋಚಲಿಲ್ಲ. ಮನೆಗೆ ಹೋದ ಮೇಲೂ ಅದೇ ತಲೆಯಲ್ಲಿ ಕೂತಿತ್ತು.

ಹೀಗೆ ಒಂದು ಮಗುವಿನ ಪಕ್ಕ ಕೂತಾಗ ಏನು ಮಾಡಬೇಕು ಅನ್ನುವುದನ್ನು ಶಿಕ್ಷಕರಿಗೆ ಕಲಿಸುವುದು ಹೇಗೆ? ಡಿಸ್ಲೆಕ್ಸಿಯಾ ಬಗ್ಗೆ ಹೇಳಬೇಕಾ, ಬೇಡವಾ? ಎರಡು ದಿನವನ್ನು ಹೇಗೆ ಬಳಸಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಲಿಕಲಿ ಟೀಚರ್:

ಮೇಷ್ಟ್ರೇ, ಆ ಹುಡುಗಿ ಸುಮ್ನೆ ಬಾಯಿಗೆ ಬಂದದ್ದು ಹೇಳಿಲ್ಲ. ಕಣ್ಣಿಗೆ ಕಂಡ ಸಾಲಿನಲ್ಲೇ ಓದಿದ್ದಾಳೆ. ಅರ್ಕಾವತ್ತು ಬರೆಯುವುದು ಯ ಆದ ಮೇಲೆ, ಆದರೆ ಬಾಯಲ್ಲಿ ಬರುವುದು ಯಕ್ಕಿಂತ ಮುಂಚೆ. ಬೇರೆ ಯಾವ ಒತ್ತಿನಲ್ಲೂ ಹೀಗೆ ಹಿಂದು ಮುಂದು ಇಲ್ಲ. ಇದನ್ನು ಯಾರಾದರೂ ಅವಳಿಗೆ ಬಿಡಿಸಿ ಹೇಳಿದ್ದಾರಾ? ಬಹುಶಃ ಇಲ್ಲ. ಒತ್ತಕ್ಷರದ ಪಟ್ಟಿ ಗೋಡೆ ಮೇಲೆ ಇರುತ್ತದೆ, ಒಂದು ವಾರ ಎಲ್ಲರೂ ಕೂಗಿ ಹೇಳಿ ಮುಗಿಸುತ್ತಾರೆ.

ನಾನು ಮಾಡುತ್ತಿದ್ದದ್ದು ಇಷ್ಟು. ಮೊದಲು ಪುಸ್ತಕ ಮುಚ್ಚಿ. "ಸೂರ್ಯ" ಅಂತ ನಿಧಾನವಾಗಿ ಹೇಳಿಸಿ, ಸೂರ್... ಯ. ರ್ ಎಲ್ಲಿ ಕೇಳಿಸಿತು, ಯ ಮುಂಚೆಯೋ ಆಮೇಲೋ ಅಂತ ಅವಳನ್ನೇ ಕೇಳಿ. ಅವಳೇ ಹೇಳುತ್ತಾಳೆ. ಆಮೇಲೆ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಅರ್ಕಾವತ್ತಿನಿಂದ ಯ ಹಿಂದಕ್ಕೆ ಒಂದು ಬಾಣ ಹಾಕಿ. ಅವಳಿಗೆ ಮೊದಲೇ ಗೊತ್ತಿರುವ ಪದ ಮಾತ್ರ ಕೊಡಿ: ಕುರ್ಚಿ, ವರ್ಷ, ಅರ್ಧ, ಖರ್ಚು. ದಿನಕ್ಕೆ ಐದಾರು ಪದ ಸಾಕು, ಮಾರನೇ ದಿನ ಅವನ್ನೇ ಅದಲು ಬದಲು ಮಾಡಿ ಕೇಳಿ.

ಇನ್ನೊಂದು, ಕಾಗುಣಿತದ ವಿಷಯ. ನಮ್ಮ ಮಕ್ಕಳು "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಅಂತ ಹಾಡಿನ ಹಾಗೆ ಹೇಳುತ್ತಾರೆ, ಕೇಳಿದವರಿಗೆ ಎಲ್ಲಾ ಬಂತು ಅನ್ನಿಸುತ್ತದೆ. ನಡುವಿನಿಂದ ಒಂದು "ಕೋ" ತೆಗೆದು ಕೇಳಿ ನೋಡಿ. ಮಗುವಿನ ತುಟಿ ನೋಡಬೇಕು. ಕ, ಕಾ, ಕಿ, ಕೀ ಅಂತ ಒಳಗೊಳಗೇ ಮೆಟ್ಟಿಲು ಹತ್ತಿಕೊಂಡು ಬರುತ್ತಿರುತ್ತದೆ. "ಕೋ" ಅಕ್ಷರದಲ್ಲಿ ಏತ್ವ, ಕೊಂಬಿನ ಇಳಿ, ದೀರ್ಘ ಮೂರೂ ಇವೆ. ಅಷ್ಟು ಹೊತ್ತಿಗೆ ಪದದ ಮೊದಲ ಅಕ್ಷರ ಏನಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ಇದು ನಾನು ಇಪ್ಪತ್ತೆಂಟು ವರ್ಷ ಕಣ್ಣಾರೆ ಕಂಡದ್ದು. ತುಟಿ ನೋಡುವುದನ್ನು ನಿಮ್ಮ ತರಬೇತಿಯಲ್ಲಿ ಖಂಡಿತ ಹೇಳಿಕೊಡಿ.

ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಮಕ್ಕಳು ಕಲಿಯುವುದನ್ನು ಕೂತು ನೋಡಿಕೊಂಡು ಬಂದಿದ್ದರು. ಬಂದು ಕಾರ್ಡುಗಳನ್ನು ತಾವೇ ಮಾಡಿದರು. ಅ ಆ ಇ ಈ ಬಿಟ್ಟು "ರ ಗ ಸ ದ ಅ" ಅಂತ ಶುರು ಮಾಡುವುದು ಆಮೇಲೆ ರಾಜ್ಯದಲ್ಲೆಲ್ಲಾ ಬಂತು. ಐದು ಅಕ್ಷರ ಕಲಿತ ಕೂಡಲೇ ಮಗು ಅರಸ, ಸರ, ದಸರ ಅಂತ ಓದಬಹುದು ಅನ್ನುವುದು ಅದರ ಜೀವ. ಶಿಕ್ಷಕರೇ ಕೂತು ಯೋಚನೆ ಮಾಡಿದ್ದಕ್ಕೆ ಅದು ನಿಂತಿತು ಅಂತ ನನ್ನ ನಂಬಿಕೆ. ನಿಮ್ಮ 22 ಜನಕ್ಕೂ ಆ ಅವಕಾಶ ಇರಲಿ.

ಸ್ಪೆಷಲ್ ಎಜುಕೇಟರ್, ಬೆಂಗಳೂರು:

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಓದುವ ತೊಂದರೆ ಇರುವ ಮಕ್ಕಳಿಗೆ ಒಬ್ಬೊಬ್ಬರಿಗೇ ಪಾಠ ಹೇಳುತ್ತೇನೆ, ಶಿಕ್ಷಕರಿಗೂ ತರಬೇತಿ ಕೊಡುತ್ತೇನೆ. ಸರ್, ನಾನು ಮೊದಲ ಅರ್ಧ ಗಂಟೆ ಏನು ಮಾಡುತ್ತೇನೆ ಅಂತ ಹೇಳುತ್ತೇನೆ, ಬೇಕಾದರೆ ನೀವೂ ಮಾಡಿ.

ಮಲಯಾಳಂನ ಒಂದನೇ ಕ್ಲಾಸಿನ ಪುಸ್ತಕದಿಂದ ನಾಲ್ಕು ಸಾಲು ಜೆರಾಕ್ಸ್ ಮಾಡಿಸಿ. ಹತ್ತು ಅಕ್ಷರ ಮತ್ತು ಅದರ ಉಚ್ಚಾರ ಬೋರ್ಡಿನ ಮೇಲೆ ಬರೆದು ಹತ್ತು ನಿಮಿಷ ಕಲಿಸಿ. ಬೋರ್ಡ್ ಒರೆಸಿ. ಆಮೇಲೆ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಲು ಹೇಳಿ. ಹೆದರಿಸಬೇಡಿ, ಸುಮ್ನೆ ಕಾಯಿರಿ. ಇಪ್ಪತ್ತು ವರ್ಷ ಪಾಠ ಮಾಡಿದ ಹಿರಿಯ ಶಿಕ್ಷಕರೊಬ್ಬರು ಮೂರನೇ ಅಕ್ಷರಕ್ಕೆ ನಿಂತು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೂತ ಮೇಲೆ ಅವರೇ ಹೇಳಿದರು, "ನನ್ನ ಕ್ಲಾಸಿನ ಹಿಂದಿನ ಬೆಂಚಿನ ಹುಡುಗನೂ ಹೀಗೇ ಪುಸ್ತಕ ಹಿಡಿಯುತ್ತಾನೆ, ಬೆನ್ನಿಗೆ ಎರಡು ಏಟು ಹಾಕಿದ್ದೇನೆ" ಅಂತ. ಅದಾದ ಮೇಲೆ ಆ ಕೋಣೆಯಲ್ಲಿ ಯಾರೂ "ಸೋಮಾರಿ ಮಕ್ಕಳು" ಅನ್ನುವ ಮಾತು ಎತ್ತಲಿಲ್ಲ.

ಆಮೇಲೆ ತಪ್ಪನ್ನು ಬರೆದುಕೊಳ್ಳುವುದು. ಇದೇ ಮುಖ್ಯ. ಒಂದು ನೋಟ್ ಬುಕ್ಕಿನಲ್ಲಿ ಎಡಗಡೆ ಪುಸ್ತಕದಲ್ಲಿ ಇರುವ ಪದ, ಬಲಗಡೆ ಮಗು ಓದಿದ್ದು. ತಿದ್ದಬೇಡಿ, ಬರೆಯಿರಿ. ಒಂದು ಪುಟ ತುಂಬಿದ ಮೇಲೆ ನೋಡಿದರೆ ತಪ್ಪುಗಳು ತಾವೇ ಗುಂಪಾಗಿ ಕಾಣುತ್ತವೆ. "ಹಾವು" ಇದ್ದದ್ದನ್ನು "ಹಾಮ" ಅಂತ ಓದಿದರೆ ಅದು ಕಣ್ಣಿನ ಗೊಂದಲ. ವು ಮತ್ತು ಮ ನೋಡಲು ಎಷ್ಟು ಹತ್ತಿರ ಅಲ್ವಾ, ವಕಾರಕ್ಕೆ ಕೊಂಬನ್ನು ಸ್ವಲ್ಪ ಕೆಳಗಿಳಿಸಿ ಬರೆಯುವುದೇ ಅದಕ್ಕೆ. "ಕತ್ತೆ" ಹೋಗಿ "ಕತೆ" ಆದರೆ ಒತ್ತನ್ನು ಬಿಟ್ಟು ಓದುತ್ತಿದೆ. "ಮರದ ಮೇಲೆ ಹಕ್ಕಿ" ಅನ್ನುವ ಕಡೆ "ಮರದ ಮೇಲೆ ಗಿಳಿ" ಅಂದರೆ ಚಿತ್ರ ನೋಡಿ ಊಹೆ ಮಾಡುತ್ತಿದೆ, ಅಕ್ಷರದ ಕಡೆ ಕಣ್ಣೇ ಹೋಗಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನು "ಹಾಲು" ಇದ್ದದ್ದನ್ನು "ಆಲು" ಅಂದರೆ? ನಿಮ್ಮ ಕಡೆ ಅದು ಓದಿನ ತಪ್ಪೇ ಅಲ್ಲ. ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಮಗು ಪದವನ್ನು ಸರಿಯಾಗಿ ಗುರುತಿಸಿ ತನ್ನ ಮಾತಿನಲ್ಲಿ ಹೇಳಿದೆ. ಅದನ್ನು ತಪ್ಪು ಅಂತ ನಿಲ್ಲಿಸಿದರೆ ಓದುವ ಉತ್ಸಾಹವೇ ಹೋಗುತ್ತದೆ. ಇದನ್ನು ಶಿಕ್ಷಕರ ಹತ್ತಿರ ಬಿಡಿಸಿ ಮಾತಾಡಿ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಪದವೇ ಗೊತ್ತಿಲ್ಲದಿದ್ದರೆ ಓದಿದರೂ ಅದು ಪದ ಅಂತ ಮಗುವಿಗೆ ಹೊಳೆಯುವುದಿಲ್ಲ.

ಡಿಸ್ಲೆಕ್ಸಿಯಾ ಕೇಳಿದ್ದೀರಿ. ಹೇಳಿ, ಆದರೆ ಸ್ವಲ್ಪ ಹೊತ್ತು ಮಾತ್ರ. ಬುದ್ಧಿ ಚೆನ್ನಾಗಿದ್ದೂ, ಕಣ್ಣು ಕಿವಿ ಸರಿಯಿದ್ದೂ, ಪಾಠ ಸಿಕ್ಕರೂ ಓದು ಮಾತ್ರ ಹಿಡಿತಕ್ಕೆ ಬಾರದ ಮಕ್ಕಳು ಇರುತ್ತಾರೆ, ಅದು ಸೋಮಾರಿತನ ಅಲ್ಲ ಅನ್ನುವಷ್ಟು ತಿಳಿದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಶಿಕ್ಷಕರು ಯಾವ ಮಗುವಿಗೂ ಆ ಹೆಸರು ಅಂಟಿಸಬಾರದು. ನಾಲ್ಕನೇ ಕ್ಲಾಸಿನಲ್ಲಿ ಓದಲು ಬಾರದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಸರಿಯಾಗಿ ಯಾರೂ ಕಲಿಸಿಲ್ಲ, ಅಷ್ಟೇ. ಮೂರು ನಾಲ್ಕು ತಿಂಗಳು ದಿನಾ ಕೂತು ಕಲಿಸಿ. ಆಗಲೂ ಮಗು ಅಲ್ಲೇ ನಿಂತಿದ್ದರೆ ನಿಮ್ಮ ಬ್ಲಾಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಹತ್ತಿರ ಮಾತಾಡಿ, ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ನಿಮ್ಮ ನೋಟ್ ಬುಕ್ ಕೊಟ್ಟು ಕಳಿಸಿ, ಅವರಿಗೆ ಅದರಿಂದ ತುಂಬಾ ಉಪಯೋಗ.

ಒಂದು ಸಮಾಧಾನದ ಮಾತೂ ಹೇಳಿ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಬಂದಿದೆ. ಇಂಗ್ಲಿಷಿನ 26 ಅಕ್ಷರದ ಹಾಗೆ ನಮ್ಮ ಅಕ್ಷರ ಒಂದೆರಡು ವರ್ಷದಲ್ಲಿ ಕೈಗೆ ಬರುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಅನ್ನುವುದನ್ನು ಅದು ತೋರಿಸಿತು. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಹೇಳುತ್ತೇವೆ. ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ, ಒತ್ತು ಸೇರಿಸಿದರೆ ಇನ್ನೂ ಎಷ್ಟೋ. ಮೂರನೇ ಕ್ಲಾಸಿಗೆ ಅಕ್ಷರ ಕಲಿಸುವುದು ಮುಗಿಯಿತು ಅಂತ ನಾವೇ ಗೆರೆ ಎಳೆದುಬಿಟ್ಟಿದ್ದೇವೆ.

ಒಬ್ಬ ಮಗನ ಅಮ್ಮ:

ನಾನು ಶಿಕ್ಷಕಿ ಅಲ್ಲ. ನನ್ನ ಮಗನಿಗೆ ಡಿಸ್ಲೆಕ್ಸಿಯಾ ಇದೆ ಅಂತ ಗೊತ್ತಾದದ್ದು ಆರನೇ ಕ್ಲಾಸಿನಲ್ಲಿ. ಅಲ್ಲಿವರೆಗೆ ಅವನ ಶಾಲೆಯಲ್ಲಿ ದಿನಾ ಸಾಲಾಗಿ ಒಬ್ಬೊಬ್ಬರೇ ಒಂದು ಪ್ಯಾರಾ ಓದಬೇಕಿತ್ತು. ಅವನು ತನಗೆ ಯಾವ ಪ್ಯಾರಾ ಬರುತ್ತದೆ ಅಂತ ಮೊದಲೇ ಎಣಿಸಿ, ಪಕ್ಕದವನ ಹತ್ತಿರ ಓದಿಸಿಕೊಂಡು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಯಾರಾದರೂ ರಜಾ ಹಾಕಿದ ದಿನ ಎಣಿಕೆ ತಪ್ಪುತ್ತಿತ್ತು. ಆ ದಿನ ಸಂಜೆ ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ. ನನಗೆ ಕಾರಣ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನಿಮ್ಮ ಶಿಕ್ಷಕರಿಗೆ ದಯವಿಟ್ಟು ಇಷ್ಟು ಹೇಳಿ ಸರ್. ಈ ಮಕ್ಕಳನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿಸಬೇಡಿ. ಪಕ್ಕದಲ್ಲಿ ಕೂತು, ನಿಮ್ಮ ಕಿವಿಗೆ ಕೇಳುವಷ್ಟು ಓದಿಸಿ. ಅವನಿಗೆ ಓದು ಕಲಿಸಿದ ಮೇಡಂ ಮೊದಲ ದಿನ ಪುಸ್ತಕವನ್ನೇ ತೆಗೆಯಲಿಲ್ಲ. "ನಿಂಗೆ ಯಾವ ಕಡೆ ಕಷ್ಟ ಆಗುತ್ತೆ ಅಂತ ನೀನೇ ನಂಗೆ ಹೇಳು, ಇಬ್ಬರೂ ಸೇರಿ ನೋಡೋಣ" ಅಂದರಂತೆ. ಅದನ್ನು ಅವನು ಈಗಲೂ ನೆನೆಸಿಕೊಳ್ಳುತ್ತಾನೆ.

ಊರೂರು ತಿರುಗುವವನು:

ನಾನು ಒಂದು ಸಂಸ್ಥೆಯಲ್ಲಿ ಓದು ಬರಹದ ಕೆಲಸ ಮಾಡುತ್ತೇನೆ, ಉತ್ತರ ಕರ್ನಾಟಕದ ಕಡೆ ಜಾಸ್ತಿ ಓಡಾಟ. ಏನು ಕಲಿಸಬೇಕು ಅನ್ನುವುದನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ತರಬೇತಿ ಆದ ಮೇಲಿನ ಮಾತು ಹೇಳುತ್ತೇನೆ, ಏಕೆಂದರೆ ಬಹಳ ಕಡೆ ಕೆಲಸ ಕೆಡುವುದು ಅಲ್ಲಿ.

ಪ್ರಥಮ್ ಅನ್ನುವ ಶಿಕ್ಷಣ ಸಂಸ್ಥೆಯದ್ದು ಮಕ್ಕಳ ಓದಿನ ಮಟ್ಟ ನೋಡಿ ಕಲಿಸುವ ಕ್ರಮ, ಅದನ್ನು ಬೇರೆ ಬೇರೆ ರಾಜ್ಯದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 2019ರಲ್ಲಿ ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಆ ಅಧ್ಯಯನದ ತಂಡದಲ್ಲಿದ್ದರು. ಬಿಹಾರದಲ್ಲಿ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಕಲಿಸಿದಾಗ ಮಕ್ಕಳು ಮುಂದೆ ಬಂದರು. ಅದೇ ಕ್ರಮಕ್ಕೆ ತರಬೇತಿ ಮತ್ತು ಸಾಮಗ್ರಿ ಕೊಟ್ಟು, ಶಾಲೆ ನಡೆಯುವ ದಿನಗಳಲ್ಲಿ ನೀವೇ ಮಾಡಿಕೊಳ್ಳಿ ಅಂತ ಬಿಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಶಿಕ್ಷಕರಿಗೆ ಬರುತ್ತಿರಲಿಲ್ಲ ಅಂತಲ್ಲ, ಶಿಬಿರದಲ್ಲಿ ಮಾಡಿ ತೋರಿಸಿದ್ದರಲ್ಲ. ಶಾಲೆ ಶುರುವಾದ ಮೇಲೆ ಪಠ್ಯ ಮುಗಿಸುವ ಒತ್ತಡದಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ.

2012-13ರಲ್ಲಿ ಹರಿಯಾಣದಲ್ಲಿ ಬೇರೆ ರೀತಿ ಮಾಡಿದರು. ದಿನಕ್ಕೆ ಒಂದು ಗಂಟೆ ಅದಕ್ಕೇ ಅಂತ ಮೀಸಲು. ಆ ಗಂಟೆಯಲ್ಲಿ ಯಾವ ಕ್ಲಾಸು ಅಂತ ನೋಡದೆ, ಯಾರಿಗೆ ಎಷ್ಟು ಓದಲು ಬರುತ್ತದೆ ಅನ್ನುವುದರ ಮೇಲೆ ಮಕ್ಕಳ ಗುಂಪು. ಮತ್ತೆ ಮೇಷ್ಟ್ರೇ, ಈ ಮಾತು ನಿಮಗೆ ಬೇಕಾದದ್ದು: ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟವರು ನಿಮ್ಮ ಹಾಗೆ ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು. ಅವರು ತರಬೇತಿ ಕೊಡುವ ಮುಂಚೆ ಎರಡು ಮೂರು ವಾರ ದಿನಾ ಶಾಲೆಗೆ ಹೋಗಿ ತಾವೇ ಮಕ್ಕಳಿಗೆ ಕಲಿಸಿದರು. ಆಮೇಲೆ ಶಿಕ್ಷಕರ ಮುಂದೆ ನಿಂತರು, ಆಮೇಲೆ ಶಾಲೆಗಳಿಗೆ ಹೋಗಿ ಪಕ್ಕದಲ್ಲಿ ಕೂತು ನೋಡಿದರು. ಭಾಷೆಯಲ್ಲಿ ಮಕ್ಕಳು ಮುಂದೆ ಬಂದರು.

ಆದ್ದರಿಂದ ಒಂದು ಸಲಹೆ. ತರಬೇತಿಯನ್ನು ಮೂರು ವಾರ ಮುಂದಕ್ಕೆ ಹಾಕಿಸಿಕೊಳ್ಳಿ. ಅಷ್ಟು ದಿನ ಆ ಅರ್ಕಾವತ್ತಿನ ಹುಡುಗಿ ಮತ್ತು ಅವಳಂಥ ಮೂರು ನಾಲ್ಕು ಮಕ್ಕಳಿಗೆ ನೀವೇ ಕಲಿಸಿ. ಹಾಗೆ ಮಾಡದೆ ಕೊಟ್ಟ ತರಬೇತಿಯಲ್ಲಿ ಶಿಕ್ಷಕರು "ಸರ್, ಇದು ನಮ್ಮ ಶಾಲೆಯಲ್ಲಿ ಆಗಲ್ಲ" ಅಂದಾಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಎರಡು ದಿನವನ್ನೂ ಬೆನ್ನಿಗೆ ಬೆನ್ನು ಇಡಬೇಡಿ. ನಡುವೆ ಎರಡು ವಾರ ಬಿಡಿ, ಅವರು ಕಲಿಸಿ, ತಪ್ಪಿನ ನೋಟ್ ಬುಕ್ ಹಿಡಿದುಕೊಂಡು ಎರಡನೇ ದಿನಕ್ಕೆ ಬರಲಿ. ತರಬೇತಿ ಶಾಲೆಯಲ್ಲೇ ಆಗಲಿ, ಬೆಳಗಿನ ಹೊತ್ತು ಮಕ್ಕಳು ಜೊತೆಗಿರಲಿ.

ಕ್ಲಸ್ಟರ್ ಮೇಷ್ಟ್ರು:

ಎಲ್ಲರಿಗೂ ಹೃದಯದಿಂದ ಧನ್ಯವಾದ. ಅಮ್ಮಾ, ನಿಮ್ಮ ಮಗನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನೂ ಸಾಲಾಗಿ ಓದಿಸಿದವನೇ. ನಾಳೆಯಿಂದಲೇ ನಮ್ಮ ಶಾಲೆಗಳಲ್ಲಿ ಅದನ್ನು ನಿಲ್ಲಿಸಲು ಹೇಳುತ್ತೇನೆ, ಅದಕ್ಕೆ ತರಬೇತಿಯವರೆಗೆ ಕಾಯಬೇಕಾಗಿಲ್ಲ.

ಮೇಲಧಿಕಾರಿಗಳ ಹತ್ತಿರ ಮಾತಾಡಿದೆ, ದಿನಾಂಕ ಮುಂದಕ್ಕೆ ಹೋಗಿದೆ. ನಾಲ್ಕು ಮಕ್ಕಳನ್ನು ತೆಗೆದುಕೊಂಡಿದ್ದೇನೆ, ಬೆಳಿಗ್ಗೆ ಪ್ರಾರ್ಥನೆ ಆದ ಕೂಡಲೇ ಅರ್ಧ ಗಂಟೆ. ಈಗಲೇ ಒಂದು ತೊಡಕು ಎದುರಾಗಿದೆ. ಇವರಿಗೆ ಓದಲು ಏನು ಕೊಡಲಿ? ಐದನೇ ಕ್ಲಾಸಿನ ಪುಸ್ತಕ ಕಷ್ಟ. ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರೆ ಒಬ್ಬ ಹುಡುಗ ರಟ್ಟು ನೋಡಿದ ಕೂಡಲೇ ಕೆಳಗಿಟ್ಟ. ಅವನ ತಂಗಿ ಓದುವುದು ಅದೇ ಪುಸ್ತಕ.

ಸ್ಪೆಷಲ್ ಎಜುಕೇಟರ್, ಬೆಂಗಳೂರು:

ಅವನು ಮಾಡಿದ್ದು ಸರಿ ಸರ್, ಹತ್ತು ವರ್ಷದ ಹುಡುಗನಿಗೆ ಅವಮಾನ ಆಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ, ಓದಿನ ಮಟ್ಟ 1ರಿಂದ 4ರವರೆಗೆ ಗುರುತು ಮಾಡಿದ್ದಾರೆ. ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಬಹುದು. ಅದಕ್ಕಿಂತ ಒಳ್ಳೆಯದು ಅವರ ಬಾಯಿಂದಲೇ ಕತೆ ಹೇಳಿಸುವುದು. ಹುಡುಗ ಹೇಳಲಿ, ನೀವು ಅವನ ಮಾತಿನಲ್ಲೇ ಆರು ಸಾಲು ಬರೆಯಿರಿ, ಮಾರನೇ ದಿನ ಅದನ್ನೇ ಅವನು ಓದಲಿ. ಪದ ಎಲ್ಲಾ ಅವನವೇ, ಅರ್ಥ ಗೊತ್ತು, ಕಷ್ಟ ಅಕ್ಷರದ್ದು ಮಾತ್ರ. ಒಂದು ಎಚ್ಚರಿಕೆ, ತಾನೇ ಹೇಳಿದ್ದರಿಂದ ಬಾಯಿಪಾಠ ಒಪ್ಪಿಸಬಹುದು. ಸಾಲುಗಳನ್ನು ಕತ್ತರಿಸಿ ಹಿಂದು ಮುಂದು ಮಾಡಿ ಕೊಡಿ. ಬಿಡಿ ಪದ ಕತ್ತರಿಸಿ ಜೋಡಿಸಲು ಹೇಳಿ.

ಕ್ಲಸ್ಟರ್ ಮೇಷ್ಟ್ರು:

ಮೂರು ವಾರ ಆಯಿತು, ಬರೆಯುತ್ತೇನೆ ಅಂದುಕೊಂಡಿದ್ದೆ.

ಆ ಹುಡುಗ ತಮ್ಮ ಮನೆಯ ಎಮ್ಮೆ ಕೆರೆಯಲ್ಲಿ ಕೂತು ಸಂಜೆವರೆಗೂ ಎದ್ದು ಬಾರದ ಕತೆ ಹೇಳಿದ. ಬರೆದೆ. ಸಾಲು ಕತ್ತರಿಸಿ ಕೊಟ್ಟರೆ ಮೊದಲ ಎರಡು ದಿನ ಊಹೆ ಮಾಡಿದ, ಮೂರನೇ ದಿನ ಬೆರಳಿಟ್ಟು ಓದಿದ. "ಎಮ್ಮೆ"ಯ ಒತ್ತು ಈಗ ಅವನಿಗೆ ಎಲ್ಲಿ ಕಂಡರೂ ಗೊತ್ತಾಗುತ್ತದೆ, "ಅಮ್ಮ", "ಸುಮ್ಮನೆ", "ತಮ್ಮ" ಎಲ್ಲಾ ಅದರಿಂದಲೇ ಹಿಡಿದ. ಇಬ್ಬರು ನಿಧಾನ. ಒಬ್ಬಳ ತುಟಿ ಈಗಲೂ ಕ, ಕಾ, ಕಿ ಅಂತ ಮೆಟ್ಟಿಲು ಹತ್ತುತ್ತದೆ, ಟೀಚರ್ ಹೇಳದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಅವಳಿಗೆ ಕಾಗುಣಿತವನ್ನು ಅಡ್ಡಡ್ಡ ಹೇಳಿಸುತ್ತಿದ್ದೇನೆ, ಕೋ, ಮೋ, ಗೋ, ಸೋ ಹೀಗೆ. ಸ್ವಲ್ಪ ಸ್ವಲ್ಪ ಬಿಡುತ್ತಿದೆ.

ಅರ್ಕಾವತ್ತಿನ ಹುಡುಗಿ ಮೊನ್ನೆ ಗೋಡೆ ಮೇಲಿನ ಕ್ಯಾಲೆಂಡರ್ ಮುಂದೆ ನಿಂತಿದ್ದಳು. "ಸಾ, ಮಾರ್ಚ್ ಅಲ್ಲೂ ಬಾಣ ಹಾಕ್ಬೇಕು" ಅಂದಳು. ಪಾಠದಲ್ಲಿ "ಸ್ವಾತಂತ್ರ್ಯ" ಬಂದಾಗ ಮಾತ್ರ ನಿಂತಳು. ಒಂದರ ಕೆಳಗೆ ಎರಡು ಒತ್ತು. ಅಲ್ಲಿ ರ ಅರ್ಕಾವತ್ತಲ್ಲ, ಕ್ರಾವಡಿ (ಕೆಳಗೆ ಬರೆಯುವ ರ ಒತ್ತು), ಬಾಣ ಹಿಂದಕ್ಕೆ ಹೋಗುವುದಿಲ್ಲ. ಅದನ್ನು ಅವಳಿಗೆ ಹೇಗೆ ಬಿಡಿಸಲಿ ಅಂತ ಇನ್ನೂ ಗೊತ್ತಾಗಿಲ್ಲ. ನಾಡಿದ್ದು ತರಬೇತಿಯ ಮೊದಲ ದಿನ. ಅವಳನ್ನೂ, ಅವಳ ಅಮ್ಮನನ್ನು ಕೇಳಿ, ಕರೆದುಕೊಂಡು ಬರುತ್ತಿದ್ದೇನೆ. 22 ಜನರ ಎದುರು ಓದಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ನಾನು ಅವಳ ಜೊತೆ ಕೂರುತ್ತೇನೆ, ಮೂರು ಮೂರು ಜನ ಶಿಕ್ಷಕರು ಬಂದು ಹಿಂದೆ ಕೂತು ನೋಡಲಿ. "ಸ್ವಾತಂತ್ರ್ಯ"ಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ಅಷ್ಟರೊಳಗೆ ತಿಳಿಸಿ.

ನಲಿಕಲಿ ಟೀಚರ್:

ಮೇಷ್ಟ್ರೇ, ಮೊದಲು "ಚಿತ್ರ", "ಪುತ್ರ", "ರಾತ್ರಿ" ಚೆನ್ನಾಗಿ ಬರಲಿ. ತ ಕೆಳಗೆ ರ ಒತ್ತು ಕಣ್ಣಿಗೆ ಒಂದೇ ಅಕ್ಷರದ ಹಾಗೆ ಕಾಣಬೇಕು. ಅದಾದ ಮೇಲೆ "ವಾಕ್ಯ", "ಸತ್ಯ" ಓದಿಸಿ. ಎರಡೂ ಕೈಗೆ ಬಂದ ಮೇಲೆ "ತ್ರ" ಬರೆದು, ಅವಳು ಓದಿದ ಮೇಲೆ ಅವಳ ಎದುರಿಗೇ ಯ ಒತ್ತು ಸೇರಿಸಿ. ಅವಳೇ ಹೇಳಲಿ. ನಾಡಿದ್ದಿಗೆ ಆಗದು, ಅವಸರ ಬೇಡ. ಅವತ್ತು "ರಾತ್ರಿ" ಓದಿಸಿ ಸಾಕು.